'ಬಿಡು' ಎಂದರೆ

ಮಾವನಿಗೆ ಉಳಿದದ್ದು ಒಂದು ಕೈ, ಒಂದು ಮಾತು. ಕೈ ಎಡಗೈ. ಮಾತು 'ಬಿಡು'.

ಲಕ್ವ ಹೊಡೆದು ಬಲಭಾಗ ಬಿದ್ದುಹೋದಾಗ, ಒಂದು ಜನ್ಮವಿಡೀ ಆಡಿದ ಮಾತುಗಳಲ್ಲಿ ಇದೊಂದೇ ಹೇಗೆ ಪಾರಾಯಿತೋ ಡಾಕ್ಟರಿಗೂ ಗೊತ್ತಿರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಗಾಬರಿಯಲ್ಲಿ ಯಾರೋ ಒಂದು ಸೌಟು ಹಿಡಿದುಕೊಂಡು ಹೊರಗೆ ಓಡಿಬರುತ್ತಾರಲ್ಲ, ಹಾಗೆ. ಬಾಯಾರಿದರೆ ಬಿಡು, ಬೆನ್ನು ಕಡಿದರೆ ಬಿಡು, ಕಿಟಕಿಯ ಪರದೆ ಸರಿಸಬೇಕಾದರೂ ಬಿಡು. ಸೊಸೆಯನ್ನು ಕಂಡರೂ ಬಿಡು. ಮೊದಮೊದಲು ಅವಳು ಅದನ್ನು 'ಬಂದ್ಯಾ' ಎಂದು ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಯಾವ ಅರ್ಥವನ್ನೂ ಕೇಳಿಸಿಕೊಳ್ಳದೆ ಬರೀ ದನಿ ಕೇಳಿಸಿಕೊಳ್ಳಲು ಕಲಿತಳು.

ಹಿಂದೆ ಅವರು ಟೈಲರ್. ಕೋರ್ಟಿಗೂ ಚರ್ಚಿಗೂ ನಡುವಿನ ಬೀದಿಯಲ್ಲಿ ಅಂಗಡಿ. ಆ ಕಡೆಯವರಿಗೆ ಕರಿ ಗೌನು, ಈ ಕಡೆಯವರಿಗೆ ಕರಿ ನಿಲುವಂಗಿ. "ಬಟ್ಟೆ ಒಂದೇ ಥಾನು ಕಣಮ್ಮ," ಎಂದು ಮದುವೆಯಾದ ಹೊಸದರಲ್ಲಿ ಸೊಸೆಗೆ ಹೇಳಿದ್ದರು. "ಪಾದ್ರಿಗೆ ಗುಂಡಿ ಜಾಸ್ತಿ, ವಕೀಲನಿಗೆ ತೋಳು ಜಾಸ್ತಿ. ಒಬ್ಬ ಮುಚ್ಕೊಳ್ಳೋಕೆ, ಇನ್ನೊಬ್ಬ ಬೀಸೋಕೆ." ಆಗ ಪಕ್ಕದಲ್ಲಿ ಕೂತಿದ್ದ ಅವಳ ಗಂಡ ನಗುನಗುತ್ತಾ ನೀರು ನೆತ್ತಿಗೇರಿಸಿಕೊಂಡಿದ್ದ. ಈಗ ಗಂಡ ಇಲ್ಲ. ಒಂದು ಬೆಳಿಗ್ಗೆ ಸ್ಕೂಟರ್ ತೆಗೆದುಕೊಂಡು ಹೋದ, ಮಧ್ಯಾಹ್ನ ಸುದ್ದಿ ಬಂತು. ಮಗ ಹೋಗಿ ವರ್ಷ ತುಂಬುವ ಮೊದಲೇ ಮಾವ ಮಲಗಿದರು. ಮನೆಯಲ್ಲಿ ಆದಷ್ಟು ದಿನ ನೋಡಿಕೊಂಡು, ಕೈಲಾಗದೆ, ಕ್ರೈಸ್ತ ಸಿಸ್ಟರ್‌ಗಳು ನಡೆಸುವ ವೃದ್ಧಾಶ್ರಮಕ್ಕೆ ಸೇರಿಸಿದಳು.

ದೊಡ್ಡ ಸಿಸ್ಟರ್ ಫೋನ್ ಮಾಡಿದಾಗ ಅವಳು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ನೋಟ್ಸ್ ಬರೆಸುತ್ತಿದ್ದಳು.

"ಹಕ್ಕುಗಳ ಮೂಲ. ಒಂದು ವಾದದ ಪ್ರಕಾರ ಮನುಷ್ಯನ ಘನತೆ ದೇವರು ಕೊಟ್ಟದ್ದು, ಆದ್ದರಿಂದ ಮನುಷ್ಯ ತಾನೇ ಬಯಸಿದರೂ ಅದನ್ನು ಕಳೆದುಕೊಳ್ಳಲಾರ, ಪೂರ್ಣವಿರಾಮ. ಇನ್ನೊಂದು ವಾದದ ಪ್ರಕಾರ ಘನತೆ ಇರುವುದು ಅವನ ಸ್ವಂತ ಆಯ್ಕೆಯಲ್ಲಿ, ಪೂರ್ಣವಿರಾಮ."

"ಮೇಡಂ, ಎರಡರಲ್ಲಿ ಯಾವುದು ಸರಿ?" ಮುಂದಿನ ಬೆಂಚಿನ ಹುಡುಗಿ ಕೇಳಿದಳು.

"ಐದು ಅಂಕಕ್ಕೆ ಎರಡೂ ಬರಿ."

ಮೇಜಿನ ಮೇಲೆ ಫೋನು ನಡುಗಿತು. ಹೊರಗೆ ಹೋಗಿ ಎತ್ತಿಕೊಂಡಳು. ಮಾವ ಆಹಾರ ಇಳಿಸಲು ಮೂಗಿಗೆ ಹಾಕಿದ್ದ ಟ್ಯೂಬನ್ನು ಮತ್ತೆ ಕಿತ್ತು ಬಿಸಾಕಿದ್ದರು.

*

ವಾರ್ಡಿನ ಬಾಗಿಲಲ್ಲೇ ಆಯಾ ಸಿಕ್ಕಳು. "ಬನ್ನಿ ಮೇಡಂ. ನಿಮ್ಮ ಮಾವ ಗಾಳ ಕಿತ್ತ ಮೀನಿನ ಥರ ಎಳೆದು ಹಾಕಿದ್ರು ನೋಡಿ. ಮಾತು ಬಿದ್ದೋದ್ರೂ ಕೈಚಳಕ ಹೋಗಿಲ್ಲ."

ಮಾವನ ಎಡಗೈಗೆ ದಪ್ಪ ಬಟ್ಟೆಯ ಗವಸು ಹಾಕಿ, ಬಟ್ಟೆಯ ಪಟ್ಟಿಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ಬಲಗೈಗೆ ಡ್ರಿಪ್ ಹಾಕಿತ್ತು. ಈ ಕೈ ಬಿಟ್ಟರೆ ಅದನ್ನೂ ಕೀಳುತ್ತಾರೆಂಬ ಭಯ. ಮೂಗಿನ ಪಕ್ಕ ಟೇಪು ಕಿತ್ತುಬಂದ ಕಡೆ ಚರ್ಮ ಕೆಂಪಗಾಗಿತ್ತು. ಗವಸಿನೊಳಗೆ ಹೆಬ್ಬೆರಳು ಮಾತ್ರ ಅತ್ತಿತ್ತ ಆಡುತ್ತಿತ್ತು. ಒಳಹೊಲಿಗೆಯನ್ನು ತಡವಿ ನೋಡುತ್ತಿದ್ದಾರೆ ಎಂದು ಸೊಸೆಗೆ ಅನಿಸಿತು. ಹೊಲಿಗೆ ಸೊಟ್ಟಗಿತ್ತು.

"ಬಿಡು," ಎಂದರು.

"ಹೂಂ ಮಾವ."

"ನಿಮ್ಮನ್ನ ನೋಡಿದ್ರೂ ಅದೇ, ನನ್ನನ್ನ ನೋಡಿದ್ರೂ ಅದೇ," ಎಂದಳು ಆಯಾ. "ನಮ್ಮೆಜಮಾನರು ನನ್ನ ನೋಡಿದಾಗ ಅಂತಾರಲ್ಲ, ಹಂಗೇ."

ದೊಡ್ಡ ಸಿಸ್ಟರ್ ಎಂಬುದು ಹೆಸರಿಗಷ್ಟೇ, ಆಳು ಗುಬ್ಬಿಯಷ್ಟು. ಆಕೆಯ ಕೋಣೆಯಲ್ಲಿ ಎರಡು ಕುರ್ಚಿ, ಗೋಡೆಯಲ್ಲಿ ಶಿಲುಬೆ, ಒಗೆದು ಇಸ್ತ್ರಿ ಮಾಡಿಟ್ಟ ಹಾಸಿಗೆ ಬಟ್ಟೆಗಳ ರಾಶಿ. ಬಟ್ಟೆ ಮಡಿಸುತ್ತಲೇ ಮಾತಾಡುವುದು ಆಕೆಯ ರೂಢಿ. ಸೊಸೆ ಆ ಕಡೆ ತುದಿ ಹಿಡಿದುಕೊಂಡಳು.

"ನಾಳೆ ಬೆಳಿಗ್ಗೆ ಡಾಕ್ಟರ್ ಬರ್ತಾರೆ ಮಗಳೇ. ಮತ್ತೆ ಟ್ಯೂಬ್ ಹಾಕ್ತಾರೆ. ಹಾಕಿದ ಮೇಲೆ ಕೈ ಕಟ್ಟಲೇಬೇಕು. ಒಂದೆರಡು ದಿನಕ್ಕಲ್ಲ."

"ಎಲ್ಲೀವರೆಗೆ?"

ಸಿಸ್ಟರ್ ಬಟ್ಟೆಯನ್ನು ಇನ್ನೊಂದು ಮಡಿಕೆ ಮಾಡಿದರು. "ನೀವು ಹೂಂ ಅಂದ್ರೆ ಮಾಡ್ತೀವಿ. ಮನೆಯವರ ಒಪ್ಪಿಗೆ ಇಲ್ಲದೆ ನಾನು ಕಟ್ಟಿಸೋದಿಲ್ಲ. ಇವತ್ತು ಕಟ್ಟಿಸಿದ್ದಕ್ಕೇ ನನಗೆ ಮಧ್ಯಾಹ್ನ ಊಟ ಸೇರಲಿಲ್ಲ."

"ಊಹೂಂ ಅಂದ್ರೆ?"

"ಟ್ಯೂಬ್ ಇಲ್ಲ. ಬಾಯಿಂದ ಕೊಟ್ರೆ ಎಷ್ಟು ಹೋಗತ್ತೆ, ಎಲ್ಲಿಗೆ ಹೋಗತ್ತೆ ಹೇಳೋಕಾಗಲ್ಲ. ಶ್ವಾಸಕೋಶಕ್ಕೆ ಇಳಿದ್ರೆ ಕಷ್ಟ." ಸಿಸ್ಟರ್ ತುದಿಗಳನ್ನು ಸೇರಿಸುತ್ತಾ ಅವಳ ಹತ್ತಿರ ಬಂದರು. "ನೋಡಿ, ಮೈ ತಗೊಳ್ಳದೇ ಹೋದಾಗ, ಕೊಡೋದೇ ಹಿಂಸೆ ಆದಾಗ ನಿಲ್ಲಿಸಬಹುದು ಅಂತ ನಮ್ಮ ಧರ್ಮಸಭೆಯೂ ಹೇಳತ್ತೆ. ನಾವೇನು ಕಟುಕರಲ್ಲ. ಆದ್ರೆ ಅವರ ಮೈ ತಗೊಳ್ತಾ ಇದೆ. ಅನ್ನ ನೀರು ಔಷಧಿ ಅಲ್ಲ, ಆರೈಕೆ. ಅದನ್ನ ಸಾಯಲಿ ಅಂತ ನಿಲ್ಲಿಸೋಕೆ ನನ್ನಿಂದಾಗಲ್ಲ."

"ಅವರೇ ಬೇಡ ಅಂತಿದ್ರೆ?"

"ಬೇಡ ಅನ್ನೋರನ್ನ ಈ ಮನೇಲಿ ದಿನಾ ನೋಡ್ತೀನಿ. ಹೊರೆ ಆಗಬಾರದು ಅಂತ ಬೇಡ ಅಂತಾರೆ. ಮನೆಯವರು ಅದನ್ನ ಕೇಳಿಸಿಕೊಂಡು, ಅವರ ಇಷ್ಟ, ಅವರ ಹಕ್ಕು ಅಂತ ಉಸಿರು ಬಿಡ್ತಾರೆ. ಎಲ್ಲರಿಗೂ ಅನುಕೂಲ." ಸಿಸ್ಟರ್ ತಟ್ಟನೆ ನಿಲ್ಲಿಸಿದರು. "ನಿಮ್ಮನ್ನ ಅನ್ನಲಿಲ್ಲಮ್ಮ."

"ಗೊತ್ತು ಸಿಸ್ಟರ್."

ಆದರೆ ಅಂದಿದ್ದರೂ ಅವಳಿಗೆ ನೋಯುತ್ತಿರಲಿಲ್ಲ. ಗಂಡ ಹೋದಾಗ ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಕೇಳುವಂಥದ್ದು ಏನೂ ಉಳಿದಿರಲಿಲ್ಲ. ಈಗ ಎಲ್ಲರೂ ಕೇಳುತ್ತಿದ್ದರು, ನೀವು ಹೇಳಿ, ನೀವು ಹೇಳಿ ಎಂದು. ಅವಳೊಳಗಿನ ಹೇಳುವವಳು ಮನೆ ಖಾಲಿ ಮಾಡಿ ಹೋಗಿ ಬಹಳ ದಿನವಾಗಿತ್ತು.

*

ಸಂಜೆ ಮೈದುನ ಕೋರ್ಟಿನಿಂದ ನೇರ ಮನೆಗೆ ಬಂದ. ಕುತ್ತಿಗೆಯ ಬಿಳಿಪಟ್ಟಿ ಕಿತ್ತು ಜೇಬಿಗೆ ತುರುಕಿಕೊಳ್ಳುತ್ತಾ ಹೊಸ್ತಿಲಲ್ಲೇ ಶುರು ಮಾಡಿದ.

"ಅಪ್ಪನ ಕೈ ಕಟ್ಟಿದಾರಂತೆ?"

"ಬಾರೋ ಲಾಪಾಯಿಂಟು," ಎಂದಳು ದೊಡ್ಡತ್ತೆ. ಮಾವನ ಅಕ್ಕ ಆಕೆ. ಗಂಡನ ಮನೆಯಲ್ಲಿ ಯಾರೂ ಉಳಿಯದೆ ತಮ್ಮನ ಮನೆ ಸೇರಿದವಳು ಈಗ ಸೊಸೆಯ ಜೊತೆ ಉಳಿದಿದ್ದಳು. ಮುಂದೆ ಬಟಾಣಿಯ ಗುಡ್ಡೆ ಹಾಕಿಕೊಂಡು ಸುಲಿಯುತ್ತಿದ್ದಳು. "ಚಪ್ಪಲಿ ಹೊರಗೆ ಬಿಟ್ಟು ಬಾ. ವಾದ ಓಡಿಹೋಗಲ್ಲ."

ಅವನು ಬಂದು ಕೂತ. "ಇದು ಬಂಧನ ಅತ್ತಿಗೆ. ಕಳ್ಳನಿಗೆ ಕೋಳ ಹಾಕಿದ್ರೂ ಕಾರಣ ಕೊಡಿ ಅಂತ ಕೇಳ್ತೀವಿ ನಾವು. ಅಪ್ಪ ಮಾಡಿರೋ ಅಪರಾಧ ಏನು?"

"ಟ್ಯೂಬು ಕಿತ್ತಿದಾರೆ."

"ಅವರ ಮೂಗು, ಅವರ ಟ್ಯೂಬು."

"ಟ್ಯೂಬು ಸಿಸ್ಟರದ್ದು ಕಣೋ," ಎಂದಳು ದೊಡ್ಡತ್ತೆ. "ಮೂಗು ಮಾತ್ರ ನಮ್ಮನೇದು. ಅದೂ ನಮ್ಮಪ್ಪನ ಮೂಗು, ಅವನು ಬರೀ ಹೊತ್ಕೊಂಡು ತಿರುಗಿದಾನೆ."

ಮೈದುನ ನಗಲಿಲ್ಲ. "ಘನತೆ ಘನತೆ ಅಂತಾರಲ್ಲ ಆ ಸಿಸ್ಟರುಗಳು, ಒಬ್ಬ ಮನುಷ್ಯ ಬೇಡ ಅಂದಿದ್ದನ್ನ ಬೇಡ ಅಂತ ಒಪ್ಕೊಳ್ಳೋದಕ್ಕಿಂತ ದೊಡ್ಡ ಘನತೆ ಯಾವುದು? ಅಪ್ಪ ಬಾಯ್ಬಿಟ್ಟು ಹೇಳ್ತಿದಾರೆ, ಬಿಡು, ಬಿಡು ಅಂತ. ಕೈಯಿಂದಾನೂ ಹೇಳಿದ್ರು, ಕಿತ್ತು ಹಾಕಿ. ಇನ್ನು ಸ್ಟ್ಯಾಂಪ್ ಪೇಪರ್ ಮೇಲೆ ಬರ್ಕೊಡಬೇಕಾ?"

"ಪರದೆ ಸರಿಸು ಅನ್ನೋಕೂ ಬಿಡು ಅಂತಾರೆ," ಎಂದಳು ಸೊಸೆ.

"ನೀವು ಸಿಸ್ಟರ್ ಪರ ವಾದ ಮಾಡ್ತಿದೀರಿ."

"ನಾನು ಯಾರ ಪರಾನೂ ಮಾಡ್ತಿಲ್ಲ. ನಂಗೆ ಸುಸ್ತಾಗಿದೆ." ಆಮೇಲೆ ಸಿಸ್ಟರ್ ಹೇಳಿದ್ದನ್ನು ಹಾಗೇ ಹೇಳಿದಳು: ಹೊರೆ ಆಗಬಾರದೆಂದು ಬೇಡ ಅನ್ನುವವರ ಮಾತು, ಉಸಿರು ಬಿಡುವ ಮನೆಯವರ ಮಾತು.

ಮೈದುನನ ಮುಖ ಕಪ್ಪಿಟ್ಟಿತು. "ಅಂದ್ರೆ ಅಪ್ಪ ಹೋಗಲಿ ಅಂತ ನಾನು ಕಾಯ್ತಿದೀನಾ?"

"ಹಾಗಂತ ಯಾರೂ ಅನ್ನಲಿಲ್ಲ."

"ಅನ್ನದೆ ಅಂದ್ರು." ಅವನು ಒಂದು ಬಟಾಣಿ ತೆಗೆದುಕೊಂಡು ಸುಲಿಯದೆ ಹಿಡಿದುಕೊಂಡ. ಹೋದ ವರ್ಷದ ಒಂದು ಕೇಸನ್ನು ಅವನು ಈ ಮನೆಯಲ್ಲಿ ಹೇಳಿದ್ದ: ಮನೆಯವರೇ ಒಳ್ಳೆಯದಕ್ಕೆಂದು ಕೋಣೆಯಲ್ಲಿ ಕೂಡಿಹಾಕಿದ್ದ ಹೆಂಗಸು, ಬಿಡಿಸಿದ ಮೇಲೂ ಬಾಗಿಲು ದಾಟಲು ಅಪ್ಪಣೆ ಕೇಳುತ್ತಿದ್ದಳಂತೆ. ಅದನ್ನು ಹೇಳುವಾಗ ಅವನ ದನಿ ಹೀಗೇ ಇತ್ತು.

ದೊಡ್ಡತ್ತೆ ಸಿಪ್ಪೆಗಳನ್ನು ಒಂದು ಕಡೆ ತಳ್ಳಿದಳು. "ಆ ಮಾತು ಅಂಗಡೀದು ಕಣೋ. ಕತ್ತರಿ ಹಿಡಿದೋರ ಹತ್ರ ದಿನಾ ಬಡ್ಕೋತಿದ್ದ. ಬಿಡು, ಒಳಗೆ ಒಂದಿಂಚು ಬಿಡು, ನಾಳೆ ಆತ ದಪ್ಪ ಆದ್ರೆ ಬಿಚ್ಚಿ ಹೊಲೀಬಹುದು ಅಂತ. ಒಂದ್ಸಲ ಬಿಗಿಯಾಗಿ ಹೊಲಿದು ಆ ದೊಡ್ಡ ಹೊಟ್ಟೆ ಜಡ್ಜು ಉಸಿರಾಡೋಕಾಗದೆ ಎದ್ದು ಹೋದ್ನಂತೆ."

"ಅತ್ತೆ, ಈಗ ಹೊಲಿಗೆ ವಿಷಯಾನಾ?"

"ಅದೇ ಅಂತ ನಾನೆಲ್ಲಿ ಅಂದೆ? ಅದೂ ಇರಬಹುದು ಅಂದೆ. ನೀನು ಬಿಡು ಅಂದ್ರೆ ಸಾಯೋಕೆ ಬಿಡು ಅಂತೀಯ. ಆ ಪುಟಾಣಿ ಸಿಸ್ಟರು ದೇವರಿಗೆ ಬಿಡು ಅಂತಾಳೆ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು." ಆಕೆ ಸೊಸೆಯ ಕಡೆ ತಿರುಗಿದಳು. "ನೀನು ಏನಂತೀಯೇ?"

"ಬಟಾಣಿ ಸಾಕು ಅತ್ತೆ. ಯಾರು ತಿನ್ನೋರು ಇಷ್ಟೊಂದು?"

*

ಬೆಳಿಗ್ಗೆ ಅವಳು ಹೋಗುವಷ್ಟರಲ್ಲಿ ಮೈದುನ ಬಂದಿದ್ದ. ಅವನೂ ದೊಡ್ಡ ಸಿಸ್ಟರೂ ಮಂಚದ ಕಾಲಿನ ಹತ್ತಿರ ನಿಂತು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಜಗಳದ ದನಿಯಲ್ಲ. ಅದಾಗಿದ್ದರೆ ಸುಲಭವಿತ್ತು.

"ಘನತೆ ಅವರ ಬಾಯಿಮಾತಿನ ಮೇಲೆ ನಿಂತಿಲ್ಲ ಸರ್," ಎನ್ನುತ್ತಿದ್ದರು ಸಿಸ್ಟರ್. "ಮಾತೇ ಇಲ್ಲದೋರು, ತಮ್ಮ ಹೆಸರೇ ಮರೆತೋರು ಈ ಮನೇಲಿ ಎಷ್ಟು ಜನ ಇದಾರೆ. ಆಯ್ಕೆ ಮಾಡೋಕೆ ಬರೋರಿಗೆ ಮಾತ್ರ ಘನತೆ ಅಂದ್ರೆ, ಅವರನ್ನೆಲ್ಲ ನಾನು ಎಲ್ಲಿಗೆ ಕಳಿಸಲಿ?"

"ಎಲ್ಲಿಗೂ ಕಳಿಸಬೇಡಿ. ಕಟ್ಟಬೇಡಿ ಅಷ್ಟೇ. ಒಳ್ಳೇದಕ್ಕೆ ಅಂತ ಕಟ್ಟಿದ ಕೈಗಳನ್ನ ಬಿಚ್ಚಿಸೋದೇ ನನ್ನ ಕಸುಬು ಸಿಸ್ಟರ್. ಕಟ್ಟಿದೋರು ಯಾರೂ ಕೆಟ್ಟವರಾಗಿರಲ್ಲ. ನಿಮ್ಮ ಥರಾನೇ ಇರ್ತಾರೆ."

"ಬಿಚ್ಚಿಸಿದ ಮೇಲೆ ಅವರ ಜೊತೆ ಯಾರು ಇರ್ತಾರೆ ಸರ್?"

ಮೈದುನ ಅದಕ್ಕೆ ಏನೋ ಹೇಳಿದ. ಸೊಸೆಗೆ ಕೇಳಿಸಲಿಲ್ಲ; ಬೆನ್ನು ಹುಣ್ಣಾಗದ ಹಾಗೆ ಮಾವನನ್ನು ಮಗ್ಗುಲು ತಿರುಗಿಸುವ ಹೊತ್ತಾಗಿತ್ತು, ಆಯಾ ಅವಳನ್ನು ಕೂಗಿದ್ದಳು. ಒಬ್ಬಳು ಭುಜಕ್ಕೆ, ಒಬ್ಬಳು ಸೊಂಟಕ್ಕೆ ಕೈ ಕೊಟ್ಟರು. ಎಷ್ಟು ಸೊರಗಿದ್ದರೂ ಮಲಗಿದ ದೇಹ ನೆಲದ ಕಡೆಗೇ ಜಗ್ಗುತ್ತದೆ. ಘನ ಅಂದರೆ ಭಾರ ಎಂದು ಅವಳಿಗೆ ನೆನಪಾಯಿತು. ನಿಘಂಟಿನಲ್ಲಿ ಮೊದಲು ಅದೇ ಇರಬೇಕು, ಗೌರವ ಆಮೇಲೆ. ಮಂಚದ ಕಾಲಿನ ಹತ್ತಿರ ಇಬ್ಬರೂ ಆ ಮಾತನ್ನು ಒಬ್ಬರಿಂದೊಬ್ಬರು ಕಿತ್ತುಕೊಳ್ಳುತ್ತಿದ್ದರು. ಇಲ್ಲಿ ಎತ್ತಲು ಇನ್ನೊಂದು ಕೈ ಬೇಕಿತ್ತು.

"ಸ್ವಲ್ಪ ಈ ಕಡೆ ಬರ್ತೀರಾ ಯಾರಾದ್ರೂ?" ಎಂದಳು.

ಇಬ್ಬರೂ ಬಂದರು. ದಿಂಬು ಜರುಗಿಸಿ, ಹಾಸಿಗೆ ಬಟ್ಟೆ ಎಳೆದು ಸರಿಮಾಡಿದ ಮೇಲೆ ಮೈದುನ ಮಂಚದ ಪಕ್ಕ ಮೊಣಕಾಲೂರಿ ಕೂತ.

"ಅಪ್ಪಾ. ನಾನು. ಕೇಳಿಸ್ತಿದೆಯಾ? ಟ್ಯೂಬು ಬೇಡ ಅಲ್ವಾ?"

"ಬಿಡು," ಎಂದರು ಮಾವ.

ಮೈದುನ ಸಿಸ್ಟರ್ ಮುಖ ನೋಡಿದ. ಸಾಕ್ಷಿಯಿಂದ ಬೇಕಾದ ಉತ್ತರ ಬಂದಾಗ ವಕೀಲರು ನ್ಯಾಯಾಧೀಶರ ಕಡೆ ತಿರುಗುವ ರೀತಿ ಅದು.

ಸಿಸ್ಟರ್ ಇನ್ನೊಂದು ಪಕ್ಕದಲ್ಲಿ ಬಗ್ಗಿದರು. "ಅಪ್ಪಾಜಿ, ಜೀವ ದೇವರದ್ದು ಅಲ್ವಾ? ಅವನು ಕರೆಯೋ ತನಕ ನಾವು ನೋಡ್ಕೋಬೇಕಲ್ವಾ?"

"ಬಿಡು."

"ಇದನ್ನ ಹೌದು ಅಂತ ತಗೋತೀರಾ ಸಿಸ್ಟರ್?"

"ನೀವು ತಗೊಂಡ್ರಲ್ಲ ಸರ್."

ಆಯಾ ಬಾಯಿಗೆ ಸೆರಗು ಹಿಡಿದಳು. ಮೈದುನ ಹಟ ಬಿಡಲಿಲ್ಲ. "ಅಪ್ಪಾ, ನಿಮಗೆ ಅರ್ಥ ಆಗದೆ ಹೇಳ್ತಿದೀರಾ, ಆಗಿ ಹೇಳ್ತಿದೀರಾ?"

"ಬಿಡು."

"ನನ್ನ ಮೇಲೆ ಸಿಟ್ಟಾ?" ಅದು ಅವನು ಕೇಳಬೇಕೆಂದುಕೊಂಡ ಪ್ರಶ್ನೆ ಆಗಿರಲಿಲ್ಲ. ಬಾಯಿಂದ ಜಾರಿತು.

"ಬಿಡು, ಬಿಡು," ಎಂದರು ಮಾವ.

ಮೈದುನ ಎದ್ದು ಕಿಟಕಿಯ ಕಡೆ ಹೋಗಿ ಬೆನ್ನು ಮಾಡಿ ನಿಂತ.

ಸೊಸೆ ಮಾವನ ಕಣ್ಣು ನೋಡಿದಳು. ಆ ಕಣ್ಣಲ್ಲಿ ಯಾರೋ ಇದ್ದರು, ಅಷ್ಟು ಅವಳಿಗೆ ಗೊತ್ತು. ಅವರು ಏನು ಹೇಳುತ್ತಿದ್ದರು ಎಂಬುದು ಗೊತ್ತಾಗುವುದಿಲ್ಲ. ಇವತ್ತಲ್ಲ, ನಾಳೆಯೂ ಅಲ್ಲ. ಇಷ್ಟು ಜನ ಸೇರಿ ಅವರಿಂದ ಒಂದು ಸಹಿ ಹಾಕಿಸಿಕೊಳ್ಳಲು ಒದ್ದಾಡುತ್ತಿದ್ದರು, ಆ ಸಹಿ ಸಿಕ್ಕಿದರೆ ಮುಂದಿನದು ತಮ್ಮ ಮೇಲೆ ಬರುವುದಿಲ್ಲವೆಂದು. ಅವಳೂ ಅದಕ್ಕೇ ಕಾಯುತ್ತಿದ್ದಳು. ರಾತ್ರಿಯೆಲ್ಲ ಅದಕ್ಕೇ ಕಾದಿದ್ದಳು.

"ಆಯಾ, ಕೈ ಬಿಚ್ಚಿ," ಎಂದಳು.

"ಡ್ರಿಪ್ ಕೀಳ್ತಾರೆ ಮೇಡಂ."

"ನಾನು ಇಲ್ಲೇ ಇದೀನಲ್ಲ. ಕಟ್ಟಿಹಾಕಿ ಕೇಳಿದ್ರೆ ಯಾರು ತಾನೇ ಏನು ಹೇಳ್ತಾರೆ?"

ಗಂಟು ಬಿಗಿದುಕೊಂಡಿತ್ತು. ಆಯಾ ಉಗುರಿನಿಂದ ಕಿತ್ತು ಸೋತಳು. ಸಿಸ್ಟರ್ ಬಗ್ಗಿ, ತಾವೇ ಬಿಚ್ಚಿದರು. ಗವಸು ಕಳಚಿದ ಕೈ ಬೆವರಿ ಸುಕ್ಕಾಗಿತ್ತು. ಅದು ಮೆಲ್ಲಗೆ ಮೇಲೆದ್ದಿತು. ಮಂಚದ ಸುತ್ತಲಿದ್ದ ಮೂವರೂ ಅದನ್ನೇ ನೋಡುತ್ತಿದ್ದರು. ಕೈ ಮುಖದ ತನಕ ಹೋಯಿತು. ಮೂಗಿನ ಪಕ್ಕ, ಟೇಪು ಇದ್ದ ಜಾಗವನ್ನು ಕೆರೆದುಕೊಂಡಿತು. ಮಾವ ಬಹಳ ಹೊತ್ತು, ಕಣ್ಣು ಮುಚ್ಚಿ, ಸುಖವಾಗಿ ಕೆರೆದುಕೊಂಡರು. ಆಮೇಲೆ ಕೈ ಎದೆಯ ಮೇಲೆ ಬಂದು ಮಲಗಿತು.

"ಅಯ್ಯೋ ದೇವರೇ," ಎಂದಳು ಆಯಾ. "ನಿನ್ನೆಯಿಂದ ಕಡೀತಿತ್ತು ಅನ್ಸತ್ತೆ."

ಸೊಸೆ ಪಕ್ಕದ ಮೇಜಿನ ಮೇಲೆ ಯಾರಿಗೋ ತಂದಿಟ್ಟಿದ್ದ ಹಾಲಿನ ಲೋಟ ನೋಡಿದಳು. ಅವಳಿಗೆ ತನ್ನ ದನಿ ಬೇರೆ ಯಾರದೋ ದನಿಯಂತೆ ಕೇಳಿಸಿತು.

"ಟ್ಯೂಬು ಬೇಡ ಸಿಸ್ಟರ್. ಕೈ ಕಟ್ಟೋದೂ ಬೇಡ. ಚಮಚದಲ್ಲಿ ಕೊಡೋಣ."

"ಶ್ವಾಸಕ್ಕೆ ಹೋದ್ರೆ?"

"ಹೋಗಬಹುದು."

"ಸಾಲದೇ ಹೋದ್ರೆ?"

"ಸಾಲಲ್ಲ, ಅದೂ ಗೊತ್ತು. ಅವರು ಏನಂತಿದಾರೆ ಅಂತ ನಂಗೆ ಗೊತ್ತಾಗ್ತಿಲ್ಲ. ಗೊತ್ತಾಯ್ತು ಅಂತ ಹೇಳ್ಕೊಂಡು ಮಾಡೋದು ಬೇಡ. ನಾನು ಹೇಳ್ತಿದೀನಿ. ನಾಳೆ ಏನಾದ್ರೂ ಆದ್ರೆ ನಾನು ಹೇಳಿದ್ದು ಅಂತಲೇ ಇರಲಿ."

ಸಿಸ್ಟರ್ ಜಪಸರದ ಮಣಿಯೊಂದನ್ನು ಬೆರಳಲ್ಲಿ ಹಿಡಿದು ನಿಂತಿದ್ದರು. ಕೊನೆಗೆ, "ಹೊತ್ತು ಹೊತ್ತಿಗೆ ಕೊಡಲೇಬೇಕು," ಎಂದರು. "ತಗೊಳ್ಳಲಿ ಬಿಡಲಿ, ಪ್ರತಿ ಸಲ ಕೇಳಬೇಕು. ಬೇಡ ಅಂದಿದ್ರಲ್ಲ ಅಂತ ಒಂದು ಹೊತ್ತೂ ಕೇಳದೇ ಇರೋದು ಈ ಮನೇಲಿ ನಡೆಯಲ್ಲ."

"ಬಾಯಿ ಮುಚ್ಚಿದ್ರೆ ಯಾರೂ ಬಿಡಿಸಿ ತುರುಕಬಾರದು," ಎಂದ ಮೈದುನ, ಕಿಟಕಿಯಿಂದ ತಿರುಗದೆ.

"ಆಯ್ತು. ಆದ್ರೆ ಒಬ್ಬೊಬ್ಬರಿಗೆ ಕೊಡೋಕೆ ಒಂದೊಂದು ಗಂಟೆ ಹಿಡಿಯತ್ತೆ ಸರ್. ಇಡೀ ವಾರ್ಡಿಗೆ ಇವಳೊಬ್ಬಳೇ ಆಯಾ. ಯಾರು ಕೂರ್ತಾರೆ?"

ಮೈದುನ ಫೋನ್ ತೆಗೆದು ನೋಡಿದ. ಆ ವಾರವೆಲ್ಲ ಕೇಸುಗಳಿದ್ದವು, ಮುಂದಿನ ವಾರವೂ.

"ಬೆಳಿಗ್ಗೆ ನಾನು," ಎಂದರು ಸಿಸ್ಟರ್.

"ಸಂಜೆ ಕಾಲೇಜ್ ಮುಗಿಸ್ಕೊಂಡು ನಾನು ಬರ್ತೀನಿ," ಎಂದಳು ಸೊಸೆ. ಆಮೇಲೆ ಮೈದುನನ ಬೆನ್ನಿಗೆ, "ಶನಿವಾರ ಕೋರ್ಟ್ ಇರಲ್ಲ ಅಲ್ವೇನಪ್ಪಾ ನಿಂಗೆ?"

"ಶನಿವಾರ ಕ್ಲೈಂಟ್ಸ್ ಬರ್ತಾರೆ ಅತ್ತಿಗೆ."

"ಅವರೆಲ್ಲರ ಕೈ ಬಿಚ್ಚಿಸಿ ಆದ ಮೇಲೆ ಬಾ."

ಹೆಚ್ಚಾಯಿತು ಎಂದು ಅವಳಿಗೇ ಅನಿಸಿತು. ಮೈದುನ ಫೋನನ್ನು ಜೇಬಿಗಿಟ್ಟ. "ಬರ್ತೀನಿ," ಎಂದ.

ಡಾಕ್ಟರ್ ಬಂದು, ಕೇಳಿ, ತಲೆಯಾಡಿಸಿದರು. ಅದು ಒಪ್ಪಿಗೆಯೂ ಅಲ್ಲ, ವಿರೋಧವೂ ಅಲ್ಲ. ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಬೇಕು, ಗಲ್ಲ ತಗ್ಗಿಸಬೇಕು, ಹಾಲನ್ನು ಗಟ್ಟಿ ಮಾಡಿ ಕೊಡಬೇಕು, ನುಂಗಿದ್ದು ಗಂಟಲಲ್ಲಿ ಕಂಡ ಮೇಲೆಯೇ ಮುಂದಿನ ಚಮಚ ಎಂದು ತೋರಿಸಿಕೊಟ್ಟು, ಮುಂದಿನ ಮಂಚಕ್ಕೆ ಹೋದರು.

*

ಆಮೇಲೆ ಅವಳ ದಿನಗಳು ಒಂದರಂತೆ ಒಂದು ಆದವು. ನೋಟ್ಸ್, ಬಸ್ಸು, ಚಮಚ, ಬಸ್ಸು. ಕೆಲವು ಸಂಜೆ ಮಾವ ಅರ್ಧ ಲೋಟ ಕುಡಿಯುತ್ತಿದ್ದರು. ಕೆಲವು ಸಂಜೆ ಚಮಚ ಕಂಡ ಕೂಡಲೇ ಮುಖ ತಿರುಗಿಸುತ್ತಿದ್ದರು. ನಿನ್ನೆ ಯಾಕೆ ಕುಡಿದಿರಿ, ಇವತ್ತು ಯಾಕೆ ಬೇಡ ಎಂದು ಅವಳು ಕೇಳುತ್ತಿರಲಿಲ್ಲ. ಒಮ್ಮೆ ಕೆಮ್ಮು ಹಿಡಿದು ಮುಖ ನೀಲಿಗಟ್ಟಿದಾಗ ಆಯಾ ಓಡಿಬಂದು ಬೆನ್ನು ತಟ್ಟಿದಳು. ಅವತ್ತು ಬಸ್‌ಸ್ಟಾಪಿನಲ್ಲಿ ಸೊಸೆ ಕಲ್ಲುಬೆಂಚಿನ ಮೇಲೆ ಕೂತಳು. ಎರಡು ಬಸ್ಸು ಹೋದವು. ಟ್ಯೂಬು ಹಾಕಿಸಿದ್ದರೆ? ಮರುದಿನ ಮತ್ತೆ ಹೋದಳು.

ಮಾವ ಸೊರಗುತ್ತಿದ್ದರು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. "ದಿಂಬು ಇನ್ನೊಂದು ಬೇಕಾಗತ್ತೆ ಮೇಡಂ," ಎಂದಷ್ಟೇ ಆಯಾ ಹೇಳಿದಳು, "ಜಾರಿ ಹೋಗ್ತಾರೆ."

ಮೈದುನ ಶನಿವಾರ ತಪ್ಪಿಸಲಿಲ್ಲ. ಅಂಗಿಯ ತೋಳು ಮಡಿಸಿ, ಕೈ ತೊಳೆದು, ಪರೀಕ್ಷೆಗೆ ಬಂದವನ ಹಾಗೆ ಕೂರುತ್ತಿದ್ದ. ಅವನ ಕೈಯಲ್ಲಿ ಅರ್ಧ ಹಾಲು ಟವೆಲಿಗೇ ಹೋಗುತ್ತಿತ್ತು. "ವಕೀಲ್ ಸಾಹೇಬ್ರು ಅಪ್ಪನಿಗೆ ಕೊಡ್ತಾರೋ ಟವೆಲಿಗೆ ಕೊಡ್ತಾರೋ," ಎಂದು ಆಯಾ ಗೊಣಗುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ, ದೊಡ್ಡತ್ತೆ ಕೊಟ್ಟು ಕಳಿಸಿದ ಹಳೆಯ ಮೆತ್ತನೆಯ ಅಂಗಿಗಳನ್ನು ಕೊಡಲು ಸೊಸೆಯೂ ಬಂದಳು. ವಾರ್ಡಿನಲ್ಲಿ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಅವಳು ಮೂಲೆಯ ಕುರ್ಚಿಯಲ್ಲಿ ಕೂತಳು.

ಮಾವ ಅವತ್ತು ಬಾಯಿಯನ್ನೇ ತೆರೆದಿರಲಿಲ್ಲ. ಮೈದುನ ಚಮಚ ಹಿಡಿದು ಕಾದ. ತುಟಿಗೆ ತಾಗಿಸಿದ. ಎಡಗೈ ಎದ್ದು ಅವನ ಮಣಿಕಟ್ಟನ್ನು ತಳ್ಳಿತು, ಜೋರಾಗೇನಲ್ಲ, ಸೊಳ್ಳೆ ಓಡಿಸಿದ ಹಾಗೆ.

"ಒಂದೇ ಒಂದು ಅಪ್ಪಾ."

ಮಾವ ಮುಖ ತಿರುಗಿಸಿದರು. ಮೈದುನ ಕುರ್ಚಿ ಎತ್ತಿಕೊಂಡು ಆ ಕಡೆ ಹೋದ.

"ಬೆಳಿಗ್ಗೇನೂ ತಗೊಂಡಿಲ್ವಂತೆ. ನಿನ್ನೆ ಸಂಜೆನೂ ಇಲ್ವಂತೆ. ಒಂದೇ ಚಮಚ. ನಾನು ಚಿಕ್ಕೋನಿದ್ದಾಗ ಔಷಧಿ ಕುಡಿಸೋಕೆ ನೀವು ನನ್ನ ಮೂಗು ಹಿಡಿದು ಬಾಯಿ ಬಿಡಿಸ್ತಿದ್ರಿ, ನೆನಪಿದೆಯಾ? ನಾನು ಹಾಗೆ ಮಾಡ್ತಿದೀನಾ? ಕೇಳ್ತಿದೀನಿ ತಾನೆ. ಅಪ್ಪಾ. ದಮ್ಮಯ್ಯ." ಹಾಲು ಗಲ್ಲದಿಂದ ಇಳಿದು ಕುತ್ತಿಗೆಗೆ ಹೋಯಿತು. ಅವನು ಅದನ್ನು ಒರೆಸಿ, ಮತ್ತೆ ಚಮಚ ತುಂಬಿದ. ಅವನ ಇನ್ನೊಂದು ಕೈ ತನಗೇ ಗೊತ್ತಿಲ್ಲದೆ ಅಪ್ಪನ ಗಲ್ಲವನ್ನು ಹಿಡಿದಿತ್ತು, ಬೆರಳು ಕೆನ್ನೆಯನ್ನು ಒತ್ತುತ್ತಿತ್ತು.

ದೊಡ್ಡ ಸಿಸ್ಟರ್ ಯಾವಾಗ ಬಂದರೋ. ಅವನ ಪಕ್ಕದಲ್ಲಿ ನಿಂತು ಚಮಚಕ್ಕೆ ಕೈ ಚಾಚಿದರು.

"ಸಾಕು ಸರ್. ಬಾಯಿ ಮುಚ್ಚಿದಾರೆ."

"ಇನ್ನೊಂದು ಸಲ ಕೇಳ್ತೀನಿ ಸಿಸ್ಟರ್. ಪ್ರತಿ ಸಲ ಕೇಳಬೇಕು ಅಂದಿದ್ರಿ."

"ಕೇಳಿದ್ರಿ. ಅವರು ಹೇಳಿದ್ರು." ಸಿಸ್ಟರ್ ಅವನ ಬೆರಳುಗಳನ್ನು ಅಪ್ಪನ ಕೆನ್ನೆಯಿಂದ ಒಂದೊಂದಾಗಿ ಬಿಡಿಸಿದರು. "ಇನ್ನು ಬರೀ ತುಟಿ ಒದ್ದೆ ಮಾಡೋಣ. ಅವರ ಮೈ ತಗೊಳ್ತಾ ಇಲ್ಲ. ಇದು ನೀವು ಮಾಡಿದ್ದೂ ಅಲ್ಲ, ನಾನು ಮಾಡಿದ್ದೂ ಅಲ್ಲ."

ಮೈದುನ ಚಮಚ ಕೊಟ್ಟ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತ. ಅವನ ಭುಜ ಅಲುಗಲು ಶುರುವಾದಾಗ ಸಿಸ್ಟರ್ ಒದ್ದೆ ಬಟ್ಟೆಯನ್ನು ಅವನ ಕೈಗಿತ್ತು, ಅಪ್ಪನ ತುಟಿ ಒರೆಸುವುದು ಹೇಗೆಂದು ತೋರಿಸಿದರು: ಮಧ್ಯದಿಂದ ಅಂಚಿಗೆ, ಒತ್ತದೆ. ಅವನು ಒರೆಸಿದ. ಮಾವ ಕಣ್ಣು ತೆರೆದು ಮಗನ ಮುಖವನ್ನು ನೋಡಿದರು. ಏನೂ ಹೇಳಲಿಲ್ಲ.

"ಅತ್ತಿಗೆ," ಎಂದು ಮೈದುನ ತಿರುಗಿ ಕರೆದ.

ಮೂಲೆಯ ಕುರ್ಚಿಯಲ್ಲಿ, ಮಡಿಲಲ್ಲಿ ಅಂಗಿಗಳ ಗಂಟಿಟ್ಟುಕೊಂಡು, ತಲೆ ಗೋಡೆಗೆ ಆನಿಸಿ ಅವಳು ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಆಯಾ ಎಬ್ಬಿಸಲು ಹೋದಳು. ಸಿಸ್ಟರ್ ಬೇಡವೆಂದು ಕೈ ಆಡಿಸಿ, ಕಿಟಕಿಯ ಪರದೆಯನ್ನು ಅವಳ ಮುಖದ ಮೇಲೆ ಬಿಸಿಲು ಬೀಳದಷ್ಟು ಎಳೆದರು. ಮೈದುನ ಮತ್ತೆ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿದ.